ಕಾಫಿನಾಡಿನ ಸಂಸದೆ, ಜಗತ್ತಿನ ವೇದಿಕೆ: ಇಂದಿರಾ ಗಾಂಧಿ ಮತ್ತು ಭಾರತದ ವಿದೇಶಾಂಗ ನೀತಿ



ಆಲ್ದೂರಿನ ಸುತ್ತಮುತ್ತಲಿನ ತೋಟಗಳಲ್ಲಿ ಕೊಯ್ಲು ಮುಗಿದು ಕಣದಲ್ಲಿ ಕಾಫಿ ಒಣಗುವ ದಿನಗಳಲ್ಲಿ ಎಲ್ಲರ ಬಾಯಲ್ಲೂ ಒಂದೇ ವಿಷಯ, ಈ ವರ್ಷದ ರೇಟು. ಆ ರೇಟನ್ನು ನಿರ್ಧರಿಸುವವರು ನಮ್ಮೂರಿನವರಲ್ಲ. ಬ್ರೆಜಿಲ್‌ನ ಹಿಮ, ವಿಯೆಟ್ನಾಂನ ಮಳೆ, ಲಂಡನ್ ಮತ್ತು ನ್ಯೂಯಾರ್ಕ್‌ನ ಮಾರುಕಟ್ಟೆ ಎಲ್ಲವೂ ಅದರಲ್ಲಿ ಸೇರಿರುತ್ತವೆ. ಇದರ ಜೊತೆಗೆ ನಾವು ಅಷ್ಟಾಗಿ ಯೋಚಿಸದ ಇನ್ನೊಂದು ಸಂಗತಿಯೂ ಇದೆ. ನಮ್ಮ ದೇಶಕ್ಕೆ ಯಾವ ದೇಶದ ಜೊತೆ ಸ್ನೇಹವಿದೆ, ಯಾವ ದೇಶದ ಜೊತೆ ಮುನಿಸಿದೆ ಎಂಬುದು. ಇದನ್ನೇ ನಾವು ವಿದೇಶಾಂಗ ನೀತಿ ಎನ್ನುತ್ತೇವೆ. ಯೆಮೆನ್‌ನ ಮೋಖಾದಿಂದ ಬಾಬಾ ಬುಡನ್ ಅವರು ತಂದರೆಂದು ಪರಂಪರೆ ಹೇಳುವ ಏಳು ಬೀಜಗಳಿಂದ ಬೆಳೆದ ಈ ನಾಡಿಗೆ ಹೊರಜಗತ್ತು ಎಂದೂ ಅಪರಿಚಿತವಾಗಿರಲಿಲ್ಲ.

ಹಾಗಾದರೆ ವಿದೇಶಾಂಗ ನೀತಿಯನ್ನು ರೂಪಿಸುವವರು ಯಾರು? ಭೂಗೋಳ, ಇತಿಹಾಸ, ಆರ್ಥಿಕ ಶಕ್ತಿ, ಸೈನ್ಯ, ಜನಾಭಿಪ್ರಾಯ, ನಾಯಕತ್ವ ಎಂದು ರಾಜ್ಯಶಾಸ್ತ್ರದ ಪಠ್ಯಪುಸ್ತಕ ಪಟ್ಟಿ ಕೊಡುತ್ತದೆ. ಪರೀಕ್ಷೆಗೆ ಅಷ್ಟು ಸಾಕು. ಆದರೆ ಈ ಪಟ್ಟಿಯಲ್ಲಿ ನಾಯಕರ ಪಾಲು ಎಷ್ಟು, ಎಲ್ಲಿಂದ ಆರಂಭವಾಗಿ ಎಲ್ಲಿಗೆ ಮುಗಿಯುತ್ತದೆ ಎಂದು ತಿಳಿಯಬೇಕಾದರೆ ಒಬ್ಬ ನಾಯಕರ ಬದುಕನ್ನೇ ಓದಬೇಕು. ಅದಕ್ಕಾಗಿ ನಾವು ದೂರ ಹೋಗಬೇಕಾಗಿಲ್ಲ. ಭಾರತದ ವಿದೇಶಾಂಗ ನೀತಿಯ ಮೇಲೆ ತಮ್ಮ ಮುದ್ರೆಯನ್ನು ಅತ್ಯಂತ ಗಾಢವಾಗಿ ಒತ್ತಿದ ನಾಯಕಿ ಒಂದು ಕಾಲದಲ್ಲಿ ನಮ್ಮ ಚಿಕ್ಕಮಗಳೂರಿನ ಲೋಕಸಭಾ ಸದಸ್ಯೆಯೇ ಆಗಿದ್ದರು. ಅವರೇ ಶ್ರೀಮತಿ ಇಂದಿರಾ ಗಾಂಧಿ.

ಪತ್ರಗಳಲ್ಲಿ ಕಲಿತ ಜಗತ್ತು

ಇಂದಿರಾ ಪ್ರಿಯದರ್ಶಿನಿ 1917ರ ನವೆಂಬರ್ 19ರಂದು ಅಲಹಾಬಾದಿನಲ್ಲಿ ಜನಿಸಿದರು. ಜವಾಹರಲಾಲ್ ನೆಹರು ಮತ್ತು ಕಮಲಾ ನೆಹರು ದಂಪತಿಯ ಒಬ್ಬಳೇ ಮಗಳು. ಮನೆತುಂಬ ಸ್ವಾತಂತ್ರ್ಯ ಹೋರಾಟ, ತಂದೆ ಆಗಾಗ ಜೈಲಿನಲ್ಲಿ, ತಾಯಿ ಕಾಯಿಲೆಯಲ್ಲಿ. ಹೀಗಾಗಿ ಶಾಲೆಯ ಕ್ರಮಬದ್ಧ ಶಿಕ್ಷಣ ಅವರಿಗೆ ಸರಿಯಾಗಿ ಸಿಗಲಿಲ್ಲ. ಆ ಕೊರತೆಯನ್ನು ತುಂಬಿದ್ದು ತಂದೆಯ ಪತ್ರಗಳು. 1928ರ ಬೇಸಿಗೆಯಲ್ಲಿ ಮಗಳು ಮಸ್ಸೂರಿಯಲ್ಲಿದ್ದಾಗ ನೆಹರು ಭೂಮಿಯ ಹುಟ್ಟು, ಮನುಷ್ಯನ ವಿಕಾಸಗಳ ಬಗ್ಗೆ ಬರೆದರು. 1930ರಿಂದ 1933ರವರೆಗೆ ಜೈಲಿನಿಂದ ಜಗತ್ತಿನ ಇತಿಹಾಸವನ್ನೇ ಪತ್ರಗಳ ರೂಪದಲ್ಲಿ ಬರೆದು ಕಳಿಸಿದರು. ಅವುಗಳಲ್ಲಿ ಗ್ರೀಸ್, ರೋಮ್‌ಗಳ ಜೊತೆಗೆ ಬಾಗ್ದಾದ್, ಕಾರ್ಡೋಬಾಗಳ ವೈಭವವೂ, ಚೀನಾ ಮತ್ತು ರಷ್ಯಾಗಳ ಕ್ರಾಂತಿಗಳೂ ಇದ್ದವು. ಇತಿಹಾಸ ಎಂದರೆ ಯೂರೋಪಿನ ಕಥೆ ಮಾತ್ರವಲ್ಲ ಎಂಬ ತಿಳಿವಳಿಕೆ ಹದಿಮೂರು ಹದಿನಾಲ್ಕರ ವಯಸ್ಸಿನಲ್ಲೇ ಆ ಹುಡುಗಿಗೆ ಬಂದಿತ್ತು.

ಮುಂದೆ ಶಾಂತಿನಿಕೇತನದಲ್ಲಿ ಕೆಲ ಕಾಲ ಓದಿದರು. ತಾಯಿಯ ಚಿಕಿತ್ಸೆಗಾಗಿ ಯೂರೋಪಿಗೆ ಹೋಗಬೇಕಾಯಿತು. 1936ರ ಫೆಬ್ರವರಿಯಲ್ಲಿ ಸ್ವಿಟ್ಜರ್ಲೆಂಡಿನ ಲೌಸಾನ್‌ನಲ್ಲಿ ಕಮಲಾ ತೀರಿಕೊಂಡರು. ನಂತರ ಆಕ್ಸ್‌ಫರ್ಡ್‌ನ ಸೋಮರ್ವಿಲ್ ಕಾಲೇಜು ಸೇರಿದರೂ ಅನಾರೋಗ್ಯ ಮತ್ತು ಯುದ್ಧದಿಂದಾಗಿ ಪದವಿ ಪೂರೈಸಲಾಗಲಿಲ್ಲ. 1942ರಲ್ಲಿ ಫಿರೋಜ್ ಗಾಂಧಿಯವರನ್ನು ಮದುವೆಯಾದರು. ಅದೇ ವರ್ಷ ಕ್ವಿಟ್ ಇಂಡಿಯಾ ಚಳವಳಿಯಲ್ಲಿ ಬಂಧಿತರಾಗಿ ನೈನಿ ಜೈಲು ಸೇರಿದರು.

1947ರ ನಂತರ ಅವರು ಪ್ರಧಾನಿಯ ಮನೆಯ ಆತಿಥ್ಯದ ಹೊಣೆ ಹೊತ್ತರು. ಇದನ್ನು ಅನೇಕರು ಸಣ್ಣ ಕೆಲಸ ಎಂದುಕೊಂಡರು. ಆದರೆ ಹದಿನೇಳು ವರ್ಷಗಳ ಕಾಲ ಜಗತ್ತಿನ ಪ್ರಮುಖ ನಾಯಕರು ಆ ಮನೆಗೆ ಬಂದುಹೋದರು. 1954ರಲ್ಲಿ ಚೀನಾಕ್ಕೆ, 1955ರಲ್ಲಿ ಸೋವಿಯತ್ ಒಕ್ಕೂಟಕ್ಕೆ ತಂದೆಯ ಜೊತೆ ಹೋದರು. ಯಾರು ಏನು ಮಾತಾಡುತ್ತಾರೆ, ಏನನ್ನು ಮಾತಾಡದೆ ಬಿಡುತ್ತಾರೆ ಎಂಬುದನ್ನು ಸುಮ್ಮನೆ ಕುಳಿತು ಗಮನಿಸಿದರು. 1962ರ ಚೀನಾ ಯುದ್ಧದಲ್ಲಿ ತಂದೆಯ ನಂಬಿಕೆ ಮುರಿದುಬಿದ್ದದ್ದನ್ನೂ ಹತ್ತಿರದಿಂದ ಕಂಡರು. ನೆಹರು ಅವರಲ್ಲಿ ಆದರ್ಶದ ಪಾಲು ದೊಡ್ಡದಿತ್ತು. ಮಗಳಲ್ಲಿ ಎಚ್ಚರಿಕೆಯ ಪಾಲು ದೊಡ್ಡದಾಯಿತು.

ಗೋಧಿಯ ಹಡಗುಗಳು ಕಲಿಸಿದ ಪಾಠ

1966ರ ಜನವರಿ 10ರಂದು ಲಾಲ್ ಬಹಾದ್ದೂರ್ ಶಾಸ್ತ್ರಿಯವರು ತಾಷ್ಕೆಂಟಿನಲ್ಲಿ ಪಾಕಿಸ್ತಾನದೊಂದಿಗೆ ಶಾಂತಿ ಒಪ್ಪಂದಕ್ಕೆ ಸಹಿ ಹಾಕಿ, ಮರುದಿನ ಬೆಳಗಾಗುವ ಮೊದಲೇ ಅಲ್ಲಿಯೇ ನಿಧನರಾದರು. ಕಾಂಗ್ರೆಸ್ ಸಂಸದೀಯ ಪಕ್ಷದ ಚುನಾವಣೆಯಲ್ಲಿ ಇಂದಿರಾ ಅವರು ಮೊರಾರ್ಜಿ ದೇಸಾಯಿಯವರನ್ನು 355–169 ಮತಗಳಿಂದ ಸೋಲಿಸಿ ಜನವರಿ 24ರಂದು ಪ್ರಧಾನಿಯಾದರು. ಪಕ್ಷದ ಹಿರಿಯರು ಆಕೆ ತಮ್ಮ ಮಾತು ಕೇಳಿಕೊಂಡಿರುತ್ತಾರೆಂದು ಭಾವಿಸಿದ್ದರು.

ಆಗ ದೇಶದಲ್ಲಿ ಭೀಕರ ಬರಗಾಲ. ಅಮೆರಿಕದಿಂದ ಪಿ.ಎಲ್. 480 ಯೋಜನೆಯಡಿ ಗೋಧಿ ಬಂದರೆ ಮಾತ್ರ ಪಡಿತರ ಎಂಬ ಸ್ಥಿತಿ. 1966ರ ಮಾರ್ಚ್‌ನಲ್ಲಿ ಹೊಸ ಪ್ರಧಾನಿ ವಾಷಿಂಗ್ಟನ್‌ಗೆ ಹೋದರು. ಅಧ್ಯಕ್ಷ ಜಾನ್ಸನ್ ಆದರದಿಂದ ಬರಮಾಡಿಕೊಂಡರು. ಜೂನ್ 6ರಂದು ರೂಪಾಯಿಯ ಬೆಲೆ ಇಳಿಸಲಾಯಿತು. ಒಂದು ಡಾಲರಿಗೆ 4.76 ರೂಪಾಯಿ ಇದ್ದದ್ದು 7.50 ಆಯಿತು. ಹೊರಗಿನವರ ಒತ್ತಡಕ್ಕೆ ಮಣಿದರೆಂದು ದೇಶದಲ್ಲಿ ಭಾರೀ ಟೀಕೆ ಬಂತು. ಮುಂದಿನ ತಿಂಗಳು ಮಾಸ್ಕೋದಲ್ಲಿ ಭಾರತ ವಿಯೆಟ್ನಾಂ ಮೇಲಿನ ಬಾಂಬ್ ದಾಳಿಯನ್ನು ವಿರೋಧಿಸಿದಾಗ ಜಾನ್ಸನ್ ಸಿಟ್ಟಾದರು. ಗೋಧಿಯ ಹಡಗುಗಳನ್ನು ಒಂದೊಂದಾಗಿ, ತಡಮಾಡಿ, ತಾವೇ ಲೆಕ್ಕ ನೋಡಿ ಬಿಡತೊಡಗಿದರು.

ನೀವು ಇಲ್ಲಿ ಒಂದು ವಿಷಯ ಗಮನಿಸಬೇಕು. ಊಟಕ್ಕೆ ಇನ್ನೊಬ್ಬರ ಕೈ ನೋಡುವ ದೇಶಕ್ಕೆ ಸ್ವಂತ ಅಭಿಪ್ರಾಯ ಇಟ್ಟುಕೊಳ್ಳುವುದು ಕಷ್ಟ. ಈ ಅವಮಾನವನ್ನು ಇಂದಿರಾ ಮರೆಯಲಿಲ್ಲ. ಕೃಷಿ ಸಚಿವ ಸಿ. ಸುಬ್ರಮಣ್ಯಂ, ವಿಜ್ಞಾನಿ ಎಂ.ಎಸ್. ಸ್ವಾಮಿನಾಥನ್ ಮುಂತಾದವರ ಶ್ರಮಕ್ಕೆ ಅವರು ಪೂರ್ಣ ಬೆಂಬಲ ಕೊಟ್ಟರು. ಮೆಕ್ಸಿಕೋದಿಂದ 18,000 ಟನ್ ಗೋಧಿ ಬೀಜ ತರಿಸಲಾಯಿತು. ಪಂಜಾಬ್, ಹರಿಯಾಣಗಳ ಹೊಲಗಳಲ್ಲಿ ಹಸಿರು ಕ್ರಾಂತಿ ಆರಂಭವಾಯಿತು. ಐದು ವರ್ಷಗಳ ನಂತರ ಅಮೆರಿಕ ಮತ್ತೆ ಮುನಿದಾಗ ಭಾರತ ಹೆದರದೆ ನಿಂತದ್ದಕ್ಕೆ ಆ ಗೋಧಿಯೂ ಒಂದು ಕಾರಣ.

ಇದೇ ಕಾಲದಲ್ಲಿ ಅವರು ಪಕ್ಷದ ಹಿರಿಯರ ಹಿಡಿತದಿಂದಲೂ ಹೊರಬಂದರು. 1969ರ ಜುಲೈಯಲ್ಲಿ 14 ಬ್ಯಾಂಕುಗಳ ರಾಷ್ಟ್ರೀಕರಣವಾಯಿತು. ನವೆಂಬರ್‌ನಲ್ಲಿ ಕಾಂಗ್ರೆಸ್ ಅಧ್ಯಕ್ಷರಾಗಿದ್ದ ನಮ್ಮ ಕರ್ನಾಟಕದ ಎಸ್. ನಿಜಲಿಂಗಪ್ಪನವರು ಅವರನ್ನು ಪಕ್ಷದಿಂದ ಉಚ್ಚಾಟಿಸಿದರು. ಪಕ್ಷ ಒಡೆಯಿತು. 1971ರ ಮಾರ್ಚ್‌ನ ಚುನಾವಣೆಯಲ್ಲಿ ಇಂದಿರಾ ಅವರ ಪಕ್ಷ 352 ಸ್ಥಾನ ಗೆದ್ದಿತು. ಮನೆಯಲ್ಲಿ ಬಲ ಬಂದ ಅದೇ ತಿಂಗಳಲ್ಲಿ ಗಡಿಯಲ್ಲಿ ಪರೀಕ್ಷೆ ಎದುರಾಯಿತು.

1971: ಕಾಯುವುದೂ ಒಂದು ನೀತಿ

1971ರ ಮಾರ್ಚ್ 25ರ ರಾತ್ರಿ ಪಾಕಿಸ್ತಾನದ ಸೇನೆ ಢಾಕಾದಲ್ಲಿ ತನ್ನದೇ ಪ್ರಜೆಗಳ ಮೇಲೆ ಬಿದ್ದಿತು. ಪೂರ್ವ ಪಾಕಿಸ್ತಾನದ ಜನ ಚುನಾವಣೆಯಲ್ಲಿ ಶೇಖ್ ಮುಜೀಬುರ್ ರಹಮಾನ್ ಅವರ ಅವಾಮಿ ಲೀಗನ್ನು ಗೆಲ್ಲಿಸಿದ್ದರು. ಆ ತೀರ್ಪನ್ನು ಒಪ್ಪದ ಸೇನಾ ಆಡಳಿತ ಬಂದೂಕು ಹಿಡಿಯಿತು. ಕೆಲವೇ ತಿಂಗಳುಗಳಲ್ಲಿ ಸುಮಾರು ಒಂದು ಕೋಟಿ ನಿರಾಶ್ರಿತರು ಹಿಂದೂ, ಮುಸ್ಲಿಂ ಎಂಬ ಭೇದವಿಲ್ಲದೆ ಭಾರತಕ್ಕೆ ಬಂದು ಸೇರಿದರು.

ಕೂಡಲೇ ಯುದ್ಧ ಸಾರಬೇಕೆಂದು ಸಂಸತ್ತಿನಲ್ಲೂ ಪತ್ರಿಕೆಗಳಲ್ಲೂ ಕೂಗು ಎದ್ದಿತು. ಇಂದಿರಾ ಎಂಟು ತಿಂಗಳು ಕಾದರು. ಈ ಕಾಯುವಿಕೆಯನ್ನು ನಮ್ಮ ಮಲೆನಾಡಿನವರು ಸುಲಭವಾಗಿ ಅರ್ಥಮಾಡಿಕೊಳ್ಳಬಹುದು. ಮಳೆಗಾಲದಲ್ಲಿ ಬಂಗಾಳದ ನದಿಗಳು ಉಕ್ಕಿ ಟ್ಯಾಂಕುಗಳು ಮುಂದೆ ಹೋಗಲಾರವು. ಚಳಿಗಾಲ ಬಂದರೆ ಹಿಮಾಲಯದ ಕಣಿವೆಗಳು ಹಿಮದಿಂದ ಮುಚ್ಚಿ ಚೀನಾ ಮಧ್ಯೆ ಬರುವುದು ಕಷ್ಟವಾಗುತ್ತದೆ. ಸೇನಾ ಮುಖ್ಯಸ್ಥ ಮಾಣೆಕ್‌ಶಾ ಸಿದ್ಧತೆಗೆ ಸಮಯ ಬೇಕೆಂದಾಗ ಪ್ರಧಾನಿ ಒಪ್ಪಿದರು. ತಜ್ಞರ ಮಾತನ್ನು ಕೇಳಿ, ಜನಪ್ರಿಯ ಕೂಗನ್ನು ತಡೆದುಕೊಂಡದ್ದು ನಾಯಕತ್ವದ ಕೆಲಸ.

ಕಾಯುವುದೆಂದರೆ ಸುಮ್ಮನಿರುವುದಲ್ಲ. ಜುಲೈಯಲ್ಲಿ ಅಮೆರಿಕದ ಕಿಸಿಂಜರ್ ಪಾಕಿಸ್ತಾನದ ಸಹಾಯದಿಂದ ಗುಟ್ಟಾಗಿ ಬೀಜಿಂಗ್‌ಗೆ ಹೋಗಿಬಂದರು. ಅಮೆರಿಕ, ಚೀನಾ, ಪಾಕಿಸ್ತಾನ ಮೂರೂ ಒಂದು ಕಡೆ ಸೇರುವ ಸೂಚನೆ ಕಂಡಿತು. ಪ್ರಧಾನಿಯ ಸುತ್ತ ಪಿ.ಎನ್. ಹಕ್ಸರ್, ಡಿ.ಪಿ. ಧರ್, ಟಿ.ಎನ್. ಕೌಲ್, ಆರ್.ಎನ್. ಕಾವ್ ಅವರಂತಹ ಸಲಹೆಗಾರರಿದ್ದರು. ಅವರ ಶ್ರಮದ ಫಲವಾಗಿ ಆಗಸ್ಟ್ 9ರಂದು ದೆಹಲಿಯಲ್ಲಿ ವಿದೇಶಾಂಗ ಸಚಿವ ಸ್ವರಣ್ ಸಿಂಗ್ ಮತ್ತು ಸೋವಿಯತ್ ಸಚಿವ ಗ್ರೋಮಿಕೋ 20 ವರ್ಷಗಳ ಶಾಂತಿ, ಸ್ನೇಹ ಮತ್ತು ಸಹಕಾರ ಒಪ್ಪಂದಕ್ಕೆ ಸಹಿ ಹಾಕಿದರು. ಇಬ್ಬರಲ್ಲಿ ಒಬ್ಬರ ಮೇಲೆ ದಾಳಿಯಾದರೆ ಇಬ್ಬರೂ ಕೂಡಲೇ ಸಮಾಲೋಚಿಸಬೇಕು ಎಂಬುದು ಅದರ ಮುಖ್ಯ ಅಂಶ. ಅಲಿಪ್ತ ನೀತಿ ಬಿಟ್ಟುಹೋಯಿತೇ ಎಂಬ ಪ್ರಶ್ನೆ ಎದ್ದಿತು. ಆದರೆ ಒಂಟಿಯಾಗಿ ಯುದ್ಧಕ್ಕೆ ಇಳಿಯುವ ಅಪಾಯ ತಪ್ಪಿತು.

ಅಕ್ಟೋಬರ್ ಕೊನೆಯಿಂದ ಮೂರು ವಾರ ಇಂದಿರಾ ಬೆಲ್ಜಿಯಂ, ಆಸ್ಟ್ರಿಯಾ, ಬ್ರಿಟನ್, ಅಮೆರಿಕ, ಫ್ರಾನ್ಸ್, ಪಶ್ಚಿಮ ಜರ್ಮನಿಗಳನ್ನು ಸುತ್ತಿದರು. ನಿರಾಶ್ರಿತರು ಮರಳಿ ಹೋಗುವಂತಹ ಪರಿಹಾರ ಬೇಕೆಂದು ಪ್ರತಿ ರಾಜಧಾನಿಯಲ್ಲೂ ವಿವರಿಸಿದರು. ವಾಷಿಂಗ್ಟನ್‌ನಲ್ಲಿ ನಿಕ್ಸನ್ ಜೊತೆಗಿನ ಮಾತುಕತೆ ತಣ್ಣಗಿತ್ತು. ಆದರೂ ಅಲ್ಲಿಯ ಪತ್ರಿಕೆಗಳು ಮತ್ತು ಜನರಲ್ಲಿ ಬಂಗಾಳದ ನೋವಿನ ಬಗ್ಗೆ ಸಹಾನುಭೂತಿ ಬೆಳೆದಿತ್ತು.

ಡಿಸೆಂಬರ್ 3ರಂದು ಪಾಕಿಸ್ತಾನದ ವಿಮಾನಗಳು ನಮ್ಮ ವಾಯುನೆಲೆಗಳ ಮೇಲೆ ದಾಳಿ ಮಾಡಿದವು. 6ರಂದು ಭಾರತ ಬಾಂಗ್ಲಾದೇಶಕ್ಕೆ ಮಾನ್ಯತೆ ನೀಡಿತು. 7ರಂದು ವಿಶ್ವಸಂಸ್ಥೆಯ ಮಹಾಸಭೆ ಕದನವಿರಾಮದ ನಿರ್ಣಯವನ್ನು 104–11 ಮತಗಳಿಂದ ಅಂಗೀಕರಿಸಿತು. ಬಹುಪಾಲು ಜಗತ್ತು ನಮ್ಮ ವಿರುದ್ಧ ನಿಂತಿತ್ತು. ಭದ್ರತಾ ಮಂಡಳಿಯಲ್ಲಿ ಸೋವಿಯತ್ ಒಕ್ಕೂಟ ಮೂರು ಬಾರಿ ವೀಟೋ ಚಲಾಯಿಸಿ ಭಾರತಕ್ಕೆ ಸಮಯ ದೊರಕಿಸಿತು. ಅಮೆರಿಕದ ಎಂಟರ್‌ಪ್ರೈಸ್ ಯುದ್ಧನೌಕೆ ಬಂಗಾಳ ಕೊಲ್ಲಿಯತ್ತ ಹೊರಟರೂ ದೆಹಲಿ ಹಿಂಜರಿಯಲಿಲ್ಲ. ಡಿಸೆಂಬರ್ 16ರಂದು ಢಾಕಾದಲ್ಲಿ ಪಾಕಿಸ್ತಾನದ ಪಡೆಗಳು ಶರಣಾದವು. ಸುಮಾರು 93,000 ಮಂದಿ ಸೆರೆಯಾದರು. ಪಶ್ಚಿಮದ ಗಡಿಯಲ್ಲಿ ಭಾರತ ತಾನಾಗಿಯೇ ಘೋಷಿಸಿದ ಕದನವಿರಾಮ ಮರುದಿನವೇ ಜಾರಿಗೆ ಬಂತು. ಗೆದ್ದಾಗ ನಿಲ್ಲಿಸುವುದು ಆರಂಭಿಸುವುದಕ್ಕಿಂತ ಕಷ್ಟದ ನಿರ್ಧಾರ ಎಂಬುದನ್ನು ನೀವು ಇತಿಹಾಸ ಓದುತ್ತ ಹೋದಂತೆ ಕಾಣುವಿರಿ.

1972ರ ಜುಲೈ 2ರ ಶಿಮ್ಲಾ ಒಪ್ಪಂದದಲ್ಲಿ ಇಂದಿರಾ ಮತ್ತು ಜುಲ್ಫಿಕರ್ ಅಲಿ ಭುಟ್ಟೋ ಭಿನ್ನಾಭಿಪ್ರಾಯಗಳನ್ನು ಎರಡೂ ದೇಶಗಳೇ ಮಾತುಕತೆಯಿಂದ ಬಗೆಹರಿಸಿಕೊಳ್ಳಬೇಕೆಂದು ಒಪ್ಪಿದರು. ಕಾಶ್ಮೀರದ ಕದನವಿರಾಮ ರೇಖೆ ನಿಯಂತ್ರಣ ರೇಖೆಯಾಯಿತು. ರಣರಂಗದಲ್ಲಿ ಗೆದ್ದದ್ದನ್ನು ಮೇಜಿನ ಮೇಲೆ ಕಳೆದರೆಂದು ಕೆಲವರು, ಸೋತ ನೆರೆಯವನನ್ನು ಅವಮಾನಿಸದೆ ದೂರದೃಷ್ಟಿ ತೋರಿದರೆಂದು ಇನ್ನು ಕೆಲವರು ಇಂದಿಗೂ ವಾದಿಸುತ್ತಾರೆ. ಎರಡೂ ವಾದಗಳನ್ನು ಓದಿ ನೀವೇ ನಿರ್ಧರಿಸಿ.

ಅಣು, ಎಣ್ಣೆ ಮತ್ತು ಅರಬ್ ಜಗತ್ತು

1968ರಲ್ಲಿ ಅಣ್ವಸ್ತ್ರ ಪ್ರಸರಣ ತಡೆ ಒಪ್ಪಂದ ಸಿದ್ಧವಾದಾಗ, ಐದು ದೇಶಗಳಿಗೆ ಒಂದು ನ್ಯಾಯ, ಉಳಿದವರಿಗೆ ಒಂದು ನ್ಯಾಯ ಸರಿಯಲ್ಲವೆಂದು ಭಾರತ ಸಹಿ ಹಾಕಲಿಲ್ಲ. 1974ರ ಮೇ 18ರಂದು ಪೋಖ್ರಾನ್‌ನಲ್ಲಿ ಮೊದಲ ಅಣು ಪರೀಕ್ಷೆ ನಡೆಯಿತು. ಈ ನಿರ್ಧಾರ ಬೆರಳೆಣಿಕೆಯ ಜನರಿಗೆ ಮಾತ್ರ ಗೊತ್ತಿತ್ತು. ಅದಕ್ಕೆ ಬೆಲೆಯನ್ನೂ ತೆರಬೇಕಾಯಿತು. ಕೆನಡಾ ಅಣು ಸಹಕಾರ ನಿಲ್ಲಿಸಿತು. ಅಣು ಸಾಮಗ್ರಿ ಪೂರೈಕೆಗೆ ದೊಡ್ಡ ದೇಶಗಳು ಕೂಟ ಕಟ್ಟಿಕೊಂಡು ಬಾಗಿಲು ಹಾಕಿದವು.

ಅರಬ್ ದೇಶಗಳ ಕಡೆಗೂ ಅವರ ಗಮನವಿತ್ತು. ದಾರಿ ಮಾತ್ರ ಸುಗಮವಾಗಿರಲಿಲ್ಲ. 1969ರಲ್ಲಿ ಜೆರುಸಲೇಮಿನ ಅಲ್ ಅಕ್ಸಾ ಮಸೀದಿಗೆ ಬೆಂಕಿ ಬಿದ್ದ ನಂತರ ಮೊರಾಕ್ಕೋದ ರಬಾತ್‌ನಲ್ಲಿ ಮುಸ್ಲಿಂ ದೇಶಗಳ ಶೃಂಗಸಭೆ ನಡೆಯಿತು. ಭಾರತಕ್ಕೂ ಆಹ್ವಾನ ಬಂತು. ಮುಂದೆ ರಾಷ್ಟ್ರಪತಿಯಾದ ಫಕ್ರುದ್ದೀನ್ ಅಲಿ ಅಹಮದ್ ನೇತೃತ್ವದ ನಿಯೋಗ ಅಲ್ಲಿಗೆ ತಲುಪಿತು. ಆದರೆ ಪಾಕಿಸ್ತಾನದ ಯಾಹ್ಯಾ ಖಾನ್ ಹಟ ಹಿಡಿದ ಕಾರಣ ಭಾರತವನ್ನು ಸಭೆಯಿಂದ ಹೊರಗಿಡಲಾಯಿತು. ಮುಖಭಂಗವಾಯಿತೆಂದು ದೇಶದಲ್ಲಿ ಟೀಕೆ ಕೇಳಿಬಂತು. ಆದರೆ ಸಿಟ್ಟಿನಿಂದ ನೀತಿ ಬದಲಿಸಲಿಲ್ಲ. 1974ರಲ್ಲಿ ಪ್ಯಾಲೆಸ್ಟೀನ್ ವಿಮೋಚನಾ ಸಂಘಟನೆಯನ್ನು ಆ ಜನರ ಪ್ರತಿನಿಧಿಯೆಂದು ಮಾನ್ಯ ಮಾಡಿದ ಮೊದಲ ಅರಬ್ಬೇತರ ದೇಶ ಭಾರತವಾಯಿತು. 1975ರಲ್ಲಿ ದೆಹಲಿಯಲ್ಲಿ ಅದರ ಕಚೇರಿ ತೆರೆಯಿತು, 1980ರಲ್ಲಿ ಅದಕ್ಕೆ ಪೂರ್ಣ ರಾಜತಾಂತ್ರಿಕ ಸ್ಥಾನ ಸಿಕ್ಕಿತು.

ಇದರಲ್ಲಿ ನ್ಯಾಯದ ಕಾಳಜಿ ಇತ್ತು, ಲೆಕ್ಕಾಚಾರವೂ ಇತ್ತು. 1973ರ ಅಕ್ಟೋಬರ್ ಯುದ್ಧದ ನಂತರ ತೈಲದ ಬೆಲೆ ಕೆಲವೇ ತಿಂಗಳಲ್ಲಿ ಸುಮಾರು ನಾಲ್ಕು ಪಟ್ಟು ಏರಿತ್ತು. ಭಾರತಕ್ಕೆ ಎಣ್ಣೆ ಬೇಕಿತ್ತು. ಎಣ್ಣೆಯ ಹಣದಿಂದ ಕೊಲ್ಲಿ ದೇಶಗಳಲ್ಲಿ ರಸ್ತೆ, ಬಂದರು, ಕಟ್ಟಡಗಳು ಎದ್ದಂತೆ ಅಲ್ಲಿಗೆ ಕೆಲಸಗಾರರು ಬೇಕಾದರು. ಕರಾವಳಿಯಿಂದಲೂ ಮಲೆನಾಡಿನಿಂದಲೂ ಎಷ್ಟು ಯುವಕರು ಆ ಹಾದಿ ಹಿಡಿದರೆಂದು ನಿಮ್ಮ ಮನೆಯ ಹಿರಿಯರನ್ನು ಕೇಳಿ ನೋಡಿ. ಅವರು ಕಳಿಸಿದ ಹಣದಿಂದ ಎದ್ದ ಮನೆ, ಓದಿದ ಮಕ್ಕಳು, ಮದುವೆಯಾದ ತಂಗಿಯರ ಹಿಂದೆ ಎರಡು ಪ್ರದೇಶಗಳ ನಡುವಿನ ಸ್ನೇಹವೂ ಇದೆ.

ಸೋಲು, ಮತ್ತು ಚಿಕ್ಕಮಗಳೂರು

ಹೊರಗೆ ಕೀರ್ತಿ ಏರುತ್ತಿದ್ದಂತೆ ಒಳಗೆ ತಪ್ಪುಗಳು ಬೆಳೆದವು. 1975ರ ಜೂನ್ 12ರಂದು ಅಲಹಾಬಾದ್ ಹೈಕೋರ್ಟ್ ಅವರ ಚುನಾವಣೆಯನ್ನು ರದ್ದು ಮಾಡಿತು. ಜೂನ್ 25ರ ರಾತ್ರಿ ತುರ್ತು ಪರಿಸ್ಥಿತಿ ಘೋಷಣೆಯಾಯಿತು. ವಿರೋಧ ಪಕ್ಷಗಳ ನಾಯಕರು ಜೈಲು ಸೇರಿದರು, ಪತ್ರಿಕೆಗಳ ಬಾಯಿ ಕಟ್ಟಲಾಯಿತು. ಉತ್ತರ ಭಾರತದಲ್ಲಿ ಒತ್ತಾಯದ ಸಂತಾನಹರಣ ಚಿಕಿತ್ಸೆಗಳು ನಡೆದವು. 1976ರಲ್ಲಿ ದೆಹಲಿಯ ತುರ್ಕ್‌ಮನ್ ಗೇಟ್‌ನಲ್ಲಿ ಮನೆಗಳನ್ನು ಕೆಡವಿದಾಗ ಗೋಲಿಬಾರ್ ಆಯಿತು. ಬಂಗಾಳದ ಜನರ ಪ್ರಜಾಪ್ರಭುತ್ವಕ್ಕಾಗಿ ಜಗತ್ತಿನ ಮುಂದೆ ವಾದಿಸಿದ ನಾಯಕಿ ಸ್ವಂತ ದೇಶದಲ್ಲಿ ಅದನ್ನೇ ಅಮಾನತಿನಲ್ಲಿಟ್ಟರೆಂದು ಹೊರದೇಶಗಳ ಪತ್ರಿಕೆಗಳು ಬರೆದವು. ಅದಕ್ಕೆ ಉತ್ತರ ಕೊಡುವುದು ನಮ್ಮ ರಾಯಭಾರಿಗಳಿಗೆ ಕಷ್ಟವಾಯಿತು.

1977ರ ಮಾರ್ಚ್‌ನಲ್ಲಿ ರಾಯ್‌ಬರೇಲಿಯಲ್ಲಿ ಇಂದಿರಾ ಸೋತರು. ಜನತಾ ಸರ್ಕಾರ ಬಂತು. ವಿದೇಶಾಂಗ ಸಚಿವ ಅಟಲ್ ಬಿಹಾರಿ ವಾಜಪೇಯಿ ಅಲಿಪ್ತ ನೀತಿಯನ್ನೂ ಮಾಸ್ಕೋ ಸ್ನೇಹವನ್ನೂ ಮುಂದುವರಿಸಿದರು. ನಾಯಕರು ಬದಲಾದರೂ ದೇಶದ ಹಿತ ಪೂರ್ತಿ ಬದಲಾಗುವುದಿಲ್ಲ ಎಂಬುದಕ್ಕೆ ಇದು ಒಳ್ಳೆಯ ಉದಾಹರಣೆ.

ಕರ್ನಾಟಕ ಮಾತ್ರ ಬೇರೆ ದಾರಿ ಹಿಡಿದಿತ್ತು. 1977ರಲ್ಲಿ ಇಲ್ಲಿಯ 28 ಲೋಕಸಭಾ ಸ್ಥಾನಗಳಲ್ಲಿ 26ನ್ನು ಕಾಂಗ್ರೆಸ್ ಗೆದ್ದಿತ್ತು. ದೇವರಾಜ ಅರಸು ಮುಖ್ಯಮಂತ್ರಿಯಾಗಿದ್ದರು. ಇಂದಿರಾ ಅವರಿಗೆ ದಾರಿ ಮಾಡಿಕೊಡಲು ಚಿಕ್ಕಮಗಳೂರಿನ ಸಂಸದ ಡಿ.ಬಿ. ಚಂದ್ರೇಗೌಡರು ರಾಜೀನಾಮೆ ನೀಡಿದರು. 1978ರ ನವೆಂಬರ್‌ನಲ್ಲಿ ಉಪಚುನಾವಣೆ ನಡೆಯಿತು. ಎದುರಾಳಿ ಮಾಜಿ ಮುಖ್ಯಮಂತ್ರಿ ವೀರೇಂದ್ರ ಪಾಟೀಲರು. ಜಾರ್ಜ್ ಫರ್ನಾಂಡಿಸ್ ಅವರಂತಹ ನಾಯಕರು ಅವರ ಪರ ಬಂದರು. ದೇಶವಿದೇಶದ ಪತ್ರಕರ್ತರು ಈ ಗುಡ್ಡಗಾಡಿನ ರಸ್ತೆಗಳಲ್ಲಿ ಓಡಾಡಿದರು. ತೋಟದ ಕೂಲಿಕಾರರು, ಸಣ್ಣ ಬೆಳೆಗಾರರು, ಅಂಗಡಿಯವರು, ಎಲ್ಲ ಜಾತಿ ಧರ್ಮದವರು ಸಾಲುಗಟ್ಟಿ ಮತ ಹಾಕಿದರು. ಇಂದಿರಾ ಎಪ್ಪತ್ತು ಸಾವಿರಕ್ಕೂ ಹೆಚ್ಚು ಮತಗಳ ಅಂತರದಿಂದ ಗೆದ್ದರು.

ಅದು ಹೆಚ್ಚು ದಿನ ಉಳಿಯಲಿಲ್ಲ. ಡಿಸೆಂಬರ್ 19ರಂದು ಹಕ್ಕುಚ್ಯುತಿಯ ಆರೋಪದ ಮೇಲೆ ಲೋಕಸಭೆ ಅವರನ್ನು ಹೊರಹಾಕಿ ತಿಹಾರ್ ಜೈಲಿಗೆ ಕಳಿಸಿತು. ಆದರೆ ಇಂದಿರಾ ಅವರ ಕಾಲ ಮುಗಿಯಿತೆಂದು ಹೇಳುತ್ತಿದ್ದವರಿಗೆ ಚಿಕ್ಕಮಗಳೂರು ಉತ್ತರ ಕೊಟ್ಟಾಗಿತ್ತು. 1980ರ ಜನವರಿಯಲ್ಲಿ ಅವರ ಪಕ್ಷ 353 ಸ್ಥಾನ ಗೆದ್ದು ಅಧಿಕಾರಕ್ಕೆ ಮರಳಿತು.

ಸ್ನೇಹದ ಬೆಲೆ

ಮರಳಿದ ಕ್ಷಣದಲ್ಲೇ ಕಠಿಣ ಪ್ರಶ್ನೆ ಎದುರಾಯಿತು. 1979ರ ಡಿಸೆಂಬರ್ ಕೊನೆಯಲ್ಲಿ ಸೋವಿಯತ್ ಸೇನೆ ಅಫ್ಘಾನಿಸ್ತಾನ ಪ್ರವೇಶಿಸಿತ್ತು. ಹಂಗಾಮಿ ಪ್ರಧಾನಿ ಚರಣ್ ಸಿಂಗ್ ತಮ್ಮ ಅಸಮ್ಮತಿಯನ್ನು ಸೋವಿಯತ್ ರಾಯಭಾರಿಗೆ ತಿಳಿಸಿದ್ದರು. ಆದರೆ ಚುನಾವಣೆ ಗೆದ್ದ ಇಂದಿರಾ ಅವರ ಸೂಚನೆಯಂತೆ ವಿಶ್ವಸಂಸ್ಥೆಯಲ್ಲಿ ಭಾರತದ ಹೇಳಿಕೆ ಮಾಸ್ಕೋ ಬಗ್ಗೆ ಮೃದುವಾಗಿತ್ತು. ಮತದಾನದಲ್ಲಿ ಭಾರತ ತಟಸ್ಥವಾಗುಳಿಯಿತು. ಕೆಲವೇ ದಿನಗಳ ಅಂತರದಲ್ಲಿ ಒಂದೇ ದೇಶದಿಂದ ಎರಡು ದನಿ ಬಂದವು. ನಾಯಕರ ಪಾತ್ರ ಎಷ್ಟೆಂದು ಕೇಳುವವರಿಗೆ ಇದಕ್ಕಿಂತ ಸ್ಪಷ್ಟ ಉತ್ತರ ಬೇಕಿಲ್ಲ. ಖಾಸಗಿಯಾಗಿ ಅವರು ಸೋವಿಯತ್ ನಾಯಕರಿಗೆ ಸೇನೆ ಹಿಂತೆಗೆಯಲು ಹೇಳಿದ್ದು ನಿಜ. ಆದರೆ ಅಫ್ಘಾನ್ ಜನರ ಪರ ಬಹಿರಂಗವಾಗಿ ನಿಲ್ಲದೆ ಹೋದದ್ದು ಅಲಿಪ್ತ ದೇಶಗಳಲ್ಲಿ ಅನೇಕರಿಗೆ ಬೇಸರ ತಂದಿತು. 1971ರಲ್ಲಿ ಪಡೆದ ಸ್ನೇಹಕ್ಕೆ 1980ರಲ್ಲಿ ಕೊಟ್ಟ ಬೆಲೆ ಅದು.

ಇನ್ನೊಂದು ಕಡೆ ಅವರು ಅಮೆರಿಕದ ಬಾಗಿಲನ್ನೂ ತೆರೆದರು. 1982ರ ಜುಲೈಯಲ್ಲಿ ವಾಷಿಂಗ್ಟನ್‌ಗೆ ಹೋಗಿ ಅಧ್ಯಕ್ಷ ರೀಗನ್ ಅವರೊಂದಿಗೆ ಮಾತಾಡಿದರು. ಏಳನೇ ಅಲಿಪ್ತ ಶೃಂಗಸಭೆ ಬಾಗ್ದಾದಿನಲ್ಲಿ ನಡೆಯಬೇಕಿತ್ತು. ಇರಾನ್–ಇರಾಕ್ ಯುದ್ಧದಿಂದ ಅದು ಸಾಧ್ಯವಾಗದೆ 1983ರ ಮಾರ್ಚ್‌ನಲ್ಲಿ ದೆಹಲಿಯಲ್ಲಿ ನಡೆಯಿತು. ಕ್ಯೂಬಾದ ಫಿಡೆಲ್ ಕ್ಯಾಸ್ಟ್ರೋ ಅಧ್ಯಕ್ಷತೆಯನ್ನು ಇಂದಿರಾ ಅವರಿಗೆ ಒಪ್ಪಿಸಿದರು. ಯಾಸಿರ್ ಅರಾಫತ್ ಸೇರಿದಂತೆ ಏಷ್ಯಾ, ಆಫ್ರಿಕಾ, ಲ್ಯಾಟಿನ್ ಅಮೆರಿಕಗಳ ನಾಯಕರು ಒಂದೆಡೆ ಸೇರಿದ್ದರು.

ಆದರೆ ಅದಕ್ಕೆ ಕೆಲವೇ ವಾರ ಮೊದಲು, ಫೆಬ್ರವರಿ 18ರಂದು, ಅಸ್ಸಾಮಿನ ನೆಲ್ಲಿ ಪ್ರದೇಶದಲ್ಲಿ ಎರಡು ಸಾವಿರಕ್ಕೂ ಹೆಚ್ಚು ಬಡ ಮುಸ್ಲಿಮರು ಹತರಾಗಿದ್ದರು. ಅವರಲ್ಲಿ ಹೆಚ್ಚಿನವರು ಹೆಂಗಸರು ಮತ್ತು ಮಕ್ಕಳು. ಪ್ರಬಲ ವಿರೋಧದ ನಡುವೆಯೂ ಅಲ್ಲಿ ಚುನಾವಣೆ ನಡೆಸಿದ್ದು ಅವರ ಸರ್ಕಾರವೇ. ದೆಹಲಿಯ ಶೃಂಗಸಭೆಯನ್ನೂ ನೆಲ್ಲಿಯ ಸಮಾಧಿಗಳನ್ನೂ ಒಟ್ಟಿಗೆ ನೆನಪಿಡಬೇಕು. ಹೊರಗಿನ ಗೌರವ ಒಳಗಿನ ನ್ಯಾಯಕ್ಕೆ ಬದಲಿಯಾಗಲಾರದು. 1984ರ ಜೂನ್‌ನಲ್ಲಿ ಅಮೃತಸರದ ಸ್ವರ್ಣಮಂದಿರಕ್ಕೆ ಸೇನೆ ಪ್ರವೇಶಿಸಿತು. ಅಕ್ಟೋಬರ್ 31ರಂದು ತಮ್ಮ ಮನೆಯ ಆವರಣದಲ್ಲೇ ಅಂಗರಕ್ಷಕರ ಗುಂಡಿಗೆ ಇಂದಿರಾ ಬಲಿಯಾದರು. ಆಗ ಅವರಿಗೆ 66 ವರ್ಷ. ನಂತರದ ದಿನಗಳಲ್ಲಿ ದೆಹಲಿಯಲ್ಲಿ ಸಾವಿರಾರು ನಿರಪರಾಧಿ ಸಿಖ್ಖರನ್ನು ಕೊಲ್ಲಲಾಯಿತು.

ನಮ್ಮ ಕಣದವರೆಗೆ

ಈಗ ಕಾಫಿಗೆ ಮರಳೋಣ. ಆ ಕಾಲದಲ್ಲಿ ಬೆಳೆಗಾರರು ತಮ್ಮ ಬೆಳೆಯನ್ನು ಕಾಫಿ ಬೋರ್ಡಿನ ಪೂಲ್‌ಗೆ ಒಪ್ಪಿಸಬೇಕಿತ್ತು. ಬೋರ್ಡಿನಿಂದ ಹೊರದೇಶಕ್ಕೆ ಹೋಗುತ್ತಿದ್ದ ಕಾಫಿಯ ಅತಿ ದೊಡ್ಡ ಗ್ರಾಹಕರಲ್ಲಿ ಸೋವಿಯತ್ ಒಕ್ಕೂಟವೂ ಒಂದು. ಡಾಲರಿನ ಗೊಡವೆಯಿಲ್ಲದೆ ರೂಪಾಯಿಯಲ್ಲೇ ಲೆಕ್ಕ ನಡೆಯುತ್ತಿತ್ತು. ಈ ರೂಪಾಯಿ ವ್ಯಾಪಾರ 1950ರ ದಶಕದಲ್ಲೇ ಶುರುವಾಗಿದ್ದರೂ 1971ರ ನಂತರದ ಸ್ನೇಹ ಅದಕ್ಕೆ ಬಲ ಕೊಟ್ಟಿತು. ದೆಹಲಿಯಲ್ಲಿ ಬಿದ್ದ ಒಂದು ಸಹಿಯ ನೆರಳು ಹೀಗೆ ನಮ್ಮ ಕಣದವರೆಗೆ ಬಂದಿತ್ತು.

1991ರಲ್ಲಿ ಸೋವಿಯತ್ ಒಕ್ಕೂಟವೇ ಒಡೆಯಿತು. ಖಾತ್ರಿಯ ಗ್ರಾಹಕ ಇಲ್ಲವಾದ. 1990ರ ದಶಕದಲ್ಲಿ ಪೂಲ್ ವ್ಯವಸ್ಥೆಯೂ ಹಂತಹಂತವಾಗಿ ಮುಗಿದು, ಬೆಳೆಗಾರರು ನೇರವಾಗಿ ಜಗತ್ತಿನ ಮಾರುಕಟ್ಟೆ ಎದುರಿಸಬೇಕಾಯಿತು. ಒಬ್ಬನೇ ಗೆಳೆಯನನ್ನು ನೆಚ್ಚಿಕೊಂಡರೆ ಆಗುವ ತೊಂದರೆಗೆ ಇದು ನಮ್ಮೂರಿನದೇ ಸಾಕ್ಷಿ. ಬಾಂಗ್ಲಾದೇಶದ ವಿಷಯದಲ್ಲೂ ಹಾಗೆಯೇ ಆಯಿತು. 1975ರ ಆಗಸ್ಟ್ 15ರಂದು ಮುಜೀಬ್ ಹತ್ಯೆಯಾದ ನಂತರ ಆ ಸ್ನೇಹ ಬೇಗನೆ ತಣ್ಣಗಾಯಿತು. ವ್ಯಕ್ತಿಗಳ ನಡುವೆ ಕಟ್ಟಿದ ಸ್ನೇಹ ವ್ಯಕ್ತಿಗಳೊಂದಿಗೇ ಹೋಗುವ ಅಪಾಯವಿದೆ. ಜನರ ನಡುವೆ, ಸಂಸ್ಥೆಗಳ ನಡುವೆ ಕಟ್ಟಿದ್ದು ಹೆಚ್ಚು ಕಾಲ ಉಳಿಯುತ್ತದೆ.

ಪ್ರಿಯ ವಿದ್ಯಾರ್ಥಿಗಳೇ, ಈ ಬದುಕಿನಿಂದ ನಾವು ತಿಳಿಯಬೇಕಾದದ್ದೇನು? ನಾಯಕರು ವಿದೇಶಾಂಗ ನೀತಿಯನ್ನು ಶೂನ್ಯದಿಂದ ಸೃಷ್ಟಿಸುವುದಿಲ್ಲ. ಹಿಮಾಲಯವನ್ನು, ನೆರೆಹೊರೆಯನ್ನು, ಹಸಿವನ್ನು, ಎಣ್ಣೆಯ ಅಗತ್ಯವನ್ನು ಅವರು ಆರಿಸಿಕೊಳ್ಳಲಾರರು. ಯಾವಾಗ ಮುಂದಡಿ ಇಡಬೇಕು, ಯಾವಾಗ ಕಾಯಬೇಕು, ಯಾರ ಸಲಹೆ ಕೇಳಬೇಕು, ಎಲ್ಲಿ ನಿಲ್ಲಬೇಕು ಎಂಬುದು ಮಾತ್ರ ಅವರ ಕೈಯಲ್ಲಿರುತ್ತದೆ. 1971ರಲ್ಲಿ ಇಂದಿರಾ ಈ ನಾಲ್ಕನ್ನೂ ಸರಿಯಾಗಿ ಮಾಡಿದರು. 1975ರಲ್ಲಿ ಸಲಹೆ ಕೇಳುವುದನ್ನು ಬಿಟ್ಟರು, ಎಲ್ಲಿ ನಿಲ್ಲಬೇಕೆಂಬುದನ್ನು ಮರೆತರು. ವ್ಯಕ್ತಿ ಅದೇ, ಫಲಿತಾಂಶ ಬೇರೆ.

ಆ ನಾಯಕರಿಗೆ ಬಲ ಬರುವುದು ಎಲ್ಲಿಂದ? 1971ರ ಮಾರ್ಚ್‌ನ ಮತಪೆಟ್ಟಿಗೆಯಿಂದ, 1978ರ ನವೆಂಬರ್‌ನಲ್ಲಿ ನಮ್ಮ ಮಲೆನಾಡಿನ ಮತಪೆಟ್ಟಿಗೆಯಿಂದ. ಲೈನ್ ಮನೆಯಿಂದ ನಡೆದು ಬಂದು ಮತ ಹಾಕಿದ ಕೂಲಿ ಹೆಂಗಸು ಅಫ್ಘಾನಿಸ್ತಾನದ ಬಗ್ಗೆ ಯೋಚಿಸಿರಲಿಕ್ಕಿಲ್ಲ. ಆದರೂ ಎರಡು ವರ್ಷ ತುಂಬುವ ಮೊದಲೇ ವಿಶ್ವಸಂಸ್ಥೆಯಲ್ಲಿ ಭಾರತ ಆಡಿದ ಮಾತಿನಲ್ಲಿ ಆಕೆಯ ಮತದ ಪಾಲೂ ಇತ್ತು. ಆದ್ದರಿಂದ ವಿದೇಶದ ಸುದ್ದಿ ನಮಗೆ ಸಂಬಂಧಿಸಿದ್ದಲ್ಲ ಎಂದು ಪತ್ರಿಕೆಯ ಆ ಪುಟವನ್ನು ಮಗುಚಬೇಡಿ. ಇತಿಹಾಸ ಓದಿ, ಭೂಪಟ ನೋಡಿ, ಭಾಷೆಗಳನ್ನು ಕಲಿಯಿರಿ. ನಿಮ್ಮಲ್ಲಿ ಕೆಲವರು ನಾಗರಿಕ ಸೇವಾ ಪರೀಕ್ಷೆ ಬರೆದು ವಿದೇಶಾಂಗ ಸೇವೆಗೆ ಸೇರಬಹುದು. ಉಳಿದವರೆಲ್ಲರೂ ಮತದಾರರಾಗುವಿರಿ. ಮತ ಕೇಳಲು ಬರುವವರನ್ನು ರಸ್ತೆ, ನೀರು, ಕರೆಂಟಿನ ಬಗ್ಗೆ ಕೇಳಿ. ಅದರ ಜೊತೆಗೆ ಜಗತ್ತಿನ ಮುಂದೆ ಈ ದೇಶವನ್ನು ಹೇಗೆ ನಿಲ್ಲಿಸುತ್ತೀರಿ, ದೇಶದೊಳಗೆ ದುರ್ಬಲರನ್ನು ಹೇಗೆ ನಡೆಸಿಕೊಳ್ಳುತ್ತೀರಿ ಎಂದೂ ಕೇಳಿ. ಈ ಎರಡು ಪ್ರಶ್ನೆಗಳು ಒಂದಕ್ಕೊಂದು ಅಂಟಿಕೊಂಡೇ ಇವೆ.